ಡಿಸ್‌ಪ್ಲೇ ಬರಲಿಲ್ಲವೆಂದು ಬೋರ್ಡ್ ಬದಲಿಸುವ ಮುನ್ನ

ಮಾನ್ಯ ಸಂಪಾದಕರೇ,

ಪಿಯುಸಿ ಮುಗಿಸಿ ಎಂಜಿನಿಯರಿಂಗ್‌ಗೋ ಬಿಸಿಎಗೋ ಸೇರುವ ಮಕ್ಕಳಿರುವ ಮನೆಗಳಲ್ಲಿ ಪ್ರತಿವರ್ಷ ಈ ದಿನಗಳಲ್ಲಿ ಹೊಸ ಕಂಪ್ಯೂಟರಿನ ಮಾತು ಶುರುವಾಗುತ್ತದೆ. ತಮಗೆ ಬೇಕಾದ ಭಾಗಗಳನ್ನೇ ಆರಿಸಿಕೊಳ್ಳಬಹುದು, ಮುಂದೆ ಒಂದೊಂದನ್ನೇ ಬದಲಿಸುತ್ತಲೂ ಹೋಗಬಹುದು ಎಂಬ ಕಾರಣಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಆನ್‌ಲೈನ್ ಮಳಿಗೆಗಳಿಂದಲೋ ಬಿಡಿಭಾಗ ತರಿಸಿ ಮನೆಯಲ್ಲೇ ಅಸೆಂಬಲ್ ಮಾಡುವ ಹುಡುಗ ಹುಡುಗಿಯರು ಈಗ ತಾಲ್ಲೂಕು ಕೇಂದ್ರಗಳಲ್ಲೂ ಇದ್ದಾರೆ. ಐಟಿಐ ಒಂದರಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್ ಕಲಿಸುವ ನನಗೆ ಇದು ಸಂತೋಷದ ಸಂಗತಿ. ಪುಸ್ತಕದಲ್ಲಿ ಚಿತ್ರವಾಗಿ ಮಾತ್ರ ನೋಡಿದ ಪ್ರೊಸೆಸರನ್ನು ಸ್ವಂತ ಕೈಯಿಂದ ಸಾಕೆಟ್ಟಿನಲ್ಲಿ ಕೂರಿಸಿದ ವಿದ್ಯಾರ್ಥಿಗೆ ಆ ಯಂತ್ರದ ಮೇಲೆ ಬರುವ ಹಿಡಿತವೇ ಬೇರೆ.

ಆದರೆ ಎಲ್ಲ ಜೋಡಿಸಿ ಪವರ್ ಬಟನ್ ಒತ್ತಿದ ಮೇಲೆ ಫ್ಯಾನ್‌ಗಳು ತಿರುಗಿ, ಕ್ಯಾಬಿನೆಟ್ಟಿನೊಳಗೆ ಬಣ್ಣದ ದೀಪಗಳು ಹತ್ತಿ, ಮಾನಿಟರಿನಲ್ಲಿ ಮಾತ್ರ ‘ನೋ ಸಿಗ್ನಲ್’ ಎಂದು ಬಂದು ನಿಂತರೆ ಮನೆಯವರಿಗೆಲ್ಲ ಗಾಬರಿಯಾಗುತ್ತದೆ. ಆ ಗಾಬರಿಯಲ್ಲಿ ಹತ್ತಿರದ ಅಂಗಡಿಗೆ ಹೊತ್ತೊಯ್ದರೆ, ‘ಬೋರ್ಡ್ ಹೋಗಿದೆ’ (ಎಲ್ಲ ಭಾಗಗಳನ್ನು ಕೂರಿಸುವ ಮದರ್‌ಬೋರ್ಡ್ ಕೆಟ್ಟಿದೆ) ಎಂಬ ಒಂದೇ ಮಾತಿಗೆ ಸಾವಿರಾರು ರೂಪಾಯಿಯ ಹೊಸ ಭಾಗ ಕೊಳ್ಳಬೇಕಾಗಿ ಬರುವುದನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಹೊಸದಾಗಿ ಜೋಡಿಸಿದ ಯಂತ್ರ ಡಿಸ್‌ಪ್ಲೇ ಕೊಡದಿದ್ದರೆ ನನ್ನ ಅನುಭವದಲ್ಲಿ ಅದಕ್ಕೆ ಕಾರಣ ಸರಿಯಾಗಿ ಕೂರದ ರ‍್ಯಾಮ್ (ಮೆಮೊರಿ), ಸಿಕ್ಕಿಸದೆ ಬಿಟ್ಟ ವೈರು, ತಪ್ಪು ಪೋರ್ಟು ಅಥವಾ ಒಂದಕ್ಕೊಂದು ಹೊಂದದ ಪ್ರೊಸೆಸರ್ ಮತ್ತು ಬಯಾಸ್ (ಯಂತ್ರವನ್ನು ಚಾಲೂ ಮಾಡುವ, ಬೋರ್ಡಿನ ಚಿಪ್ಪಿನಲ್ಲಿರುವ ತಂತ್ರಾಂಶ) ಆಗಿರುತ್ತದೆ. ನಿಜವಾಗಿ ಸುಟ್ಟ ಭಾಗ ಸಿಗುವುದು ಅಪರೂಪ. ಇವನ್ನೆಲ್ಲ ಕ್ರಮವಾಗಿ ನೋಡದೆ ಬೋರ್ಡ್ ಬದಲಿಸುವ ರೂಢಿ ನಿಲ್ಲಬೇಕು, ಪರೀಕ್ಷೆ ಗಿರಾಕಿಯ ಕಣ್ಣೆದುರೇ ನಡೆಯಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಒಂದು ಪ್ರಕರಣವನ್ನು ಹೇಳಬೇಕು. ನಮ್ಮ ಬಡಾವಣೆಯ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಚೀಟಿ ಎತ್ತಿದ ಹಣದಲ್ಲಿ ಮಗಳಿಗೆ ಬಿಡಿಭಾಗ ತರಿಸಿಕೊಟ್ಟಿದ್ದರು. ಇಂಟೆಲ್‌ನ ಐ5-12400ಎಫ್ ಪ್ರೊಸೆಸರ್, ಅದಕ್ಕೆ ಹೊಂದುವ ಬೋರ್ಡ್, ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡ್, ಎಲ್ಲವೂ ಸರಿಯಾದ ಆಯ್ಕೆಯೇ. ಹುಡುಗಿ ಅಚ್ಚುಕಟ್ಟಾಗಿ ಜೋಡಿಸಿದ್ದಳು, ಒಂದು ವೈರೂ ಫ್ಯಾನಿಗೆ ತಾಗುತ್ತಿರಲಿಲ್ಲ. ಡಿಸ್‌ಪ್ಲೇ ಬರಲಿಲ್ಲವೆಂದು ಅಂಗಡಿಗೆ ಒಯ್ದಾಗ ಅಲ್ಲಿನವರು ಒಳಗಿನ ಕೋಣೆಗೆ ತೆಗೆದುಕೊಂಡು ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಬೋರ್ಡ್ ಸತ್ತಿದೆ ಎಂದು ಹೇಳಿ, ತಪಾಸಣೆಯ ಶುಲ್ಕ ಪಡೆದು, ಹೊಸ ಬೋರ್ಡಿನ ಬೆಲೆಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಆ ಚೀಟಿ ಹಿಡಿದು ತಾಯಿ ಮಗಳು ನಮ್ಮ ಪ್ರಯೋಗಾಲಯಕ್ಕೆ ಬಂದರು. ಕ್ಯಾಬಿನೆಟ್ಟಿನ ಹಿಂಬದಿ ನೋಡಿದರೆ ಮಾನಿಟರಿನ ಎಚ್‌ಡಿಎಂಐ ಕೇಬಲ್ ಮದರ್‌ಬೋರ್ಡಿನ ಪೋರ್ಟಿನಲ್ಲಿತ್ತು. ಅದನ್ನು ಕೆಳಗಿರುವ ಗ್ರಾಫಿಕ್ಸ್ ಕಾರ್ಡಿನ ಪೋರ್ಟಿಗೆ ಬದಲಿಸಿದೊಡನೆ ಬಯಾಸ್ ಪರದೆ ಮೂಡಿತು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಎಫ್’ ಇರುವ ಪ್ರೊಸೆಸರುಗಳಿಗೆ ಒಳಗಿನ ಗ್ರಾಫಿಕ್ಸ್ (ಪರದೆಗೆ ಚಿತ್ರ ಕಳಿಸುವ ಭಾಗ) ಇಲ್ಲ. ಆದರೆ ಬೋರ್ಡಿನ ಮೇಲೆ ಎಚ್‌ಡಿಎಂಐ ಪೋರ್ಟ್ ಇದ್ದೇ ಇರುತ್ತದೆ, ಮತ್ತು ನೋಡಿದವರಿಗೆ ಕೇಬಲ್ ಸಿಕ್ಕಿಸುವ ಜಾಗ ಅದೇ ಎನಿಸುತ್ತದೆ. ಇಂಟೆಲ್‌ನ ಪ್ರತಿಸ್ಪರ್ಧಿ ಕಂಪನಿ ಎಎಂಡಿಯ ರೈಜೆನ್ 5 5600 ಪ್ರೊಸೆಸರ್ ಕೂಡ ಹೀಗೆಯೇ, ಆದರೆ 5600ಜಿ ಹಾಗಲ್ಲ, ಅದರಲ್ಲಿ ಗ್ರಾಫಿಕ್ಸ್ ಉಂಟು. ಒಂದೇ ಅಕ್ಷರದ ಈ ವ್ಯತ್ಯಾಸವನ್ನು ಮಾರುವಾಗಲೇ ಯಾರಾದರೂ ಹೇಳಿದ್ದರೆ ಆ ತಾಯಿ ಹೆದರಬೇಕಾಗಿರಲಿಲ್ಲ.

ಫ್ಯಾನ್ ತಿರುಗುತ್ತಿದೆ, ಹಾಗಾಗಿ ಕರೆಂಟು, ವೈರು ಎಲ್ಲ ಸರಿಯಿದೆ, ಉಳಿದದ್ದು ಬೋರ್ಡೇ ಎಂಬ ತರ್ಕವನ್ನು ಅಂಗಡಿಗಳಲ್ಲಿ ಬಹಳ ಸಲ ಕೇಳಿದ್ದೇನೆ. ಇದು ತಪ್ಪು ತರ್ಕ. ಬಟನ್ ಒತ್ತಿದಾಗ ಎಸ್‌ಎಂಪಿಎಸ್ (ಯಂತ್ರಕ್ಕೆ ಕರೆಂಟು ಒದಗಿಸುವ ಪೆಟ್ಟಿಗೆ) ಚಾಲೂ ಆಗಿ 12 ವೋಲ್ಟ್ ಹರಿಯಿತೆಂದರೆ ಫ್ಯಾನ್ ತಿರುಗುತ್ತದೆ, ಅದಕ್ಕೆ ಪ್ರೊಸೆಸರಿನ ಅಪ್ಪಣೆ ಬೇಕಿಲ್ಲ. ಪ್ರೊಸೆಸರಿಗೆ ಕರೆಂಟು ಬರುವುದು ಬೋರ್ಡಿನ ಮೇಲಂಚಿನಲ್ಲಿ, ಹೀಟ್‌ಸಿಂಕಿನ ಹಿಂದೆ ಅಡಗಿರುವ 4 ಅಥವಾ 8 ಪಿನ್ನಿನ ಬೇರೆಯೇ ಕನೆಕ್ಟರಿನಿಂದ. ಅದನ್ನು ಮರೆತು 24 ಪಿನ್ನಿನ ದೊಡ್ಡ ಕನೆಕ್ಟರ್ ಮಾತ್ರ ಸಿಕ್ಕಿಸಿದರೂ ಫ್ಯಾನ್‌ಗಳೂ ದೀಪಗಳೂ ಮಾಮೂಲಿನಂತೆ ಇರುತ್ತವೆ, ಪ್ರೊಸೆಸರ್ ಮಾತ್ರ ಎಚ್ಚರಗೊಂಡಿರುವುದಿಲ್ಲ. ಎಚ್ಚರಗೊಂಡ ಮೇಲೆಯೂ ಅದು ಬಯಾಸ್ ಚಿಪ್ಪಿನಲ್ಲಿರುವ ಆದೇಶಗಳನ್ನು ಓದಿ, ಮೊದಲು ತನ್ನನ್ನು, ಆಮೇಲೆ ಮೆಮೊರಿಯನ್ನು, ಅದಾದ ನಂತರ ಗ್ರಾಫಿಕ್ಸನ್ನು ಪರೀಕ್ಷಿಸುತ್ತದೆ. ಪೋಸ್ಟ್ ಎಂದು ಕರೆಯುವ ಈ ಸ್ವಯಂಪರೀಕ್ಷೆಯಲ್ಲಿ ಮೆಮೊರಿಯ ಹಂತ ದಾಟದ ಹೊರತು ಪರದೆಯ ಮೇಲೆ ಒಂದಕ್ಷರವೂ ಮೂಡದು.

ಹಾರ್ಡ್‌ಡಿಸ್ಕ್ ಅಥವಾ ಎಸ್‌ಎಸ್‌ಡಿಯ ಸರದಿ ಬರುವುದು ಇದೆಲ್ಲ ಮುಗಿದ ಮೇಲೆ. ‘ವಿಂಡೋಸ್ ಕರಪ್ಟ್ ಆಗಿ ಡಿಸ್‌ಪ್ಲೇ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು’ ಎಂದು ಯಾರಾದರೂ ಹೇಳಿದರೆ, ದಯವಿಟ್ಟು ಒಪ್ಪಬೇಡಿ. ಎಸ್‌ಎಸ್‌ಡಿಯನ್ನು ಪೂರ್ತಿ ಬಿಚ್ಚಿ ಪಕ್ಕಕ್ಕಿಟ್ಟರೂ ಆರೋಗ್ಯವಾಗಿರುವ ಯಂತ್ರ ಬಯಾಸ್ ಪರದೆಯನ್ನೋ, ಬೂಟ್ ಡಿಸ್ಕ್ ಇಲ್ಲವೆಂಬ ಸಂದೇಶವನ್ನೋ ತೋರಿಸಲೇಬೇಕು. ಬಟನ್ ಒತ್ತಿದ ಕ್ಷಣದಿಂದಲೇ ಪರದೆ ಕಪ್ಪಾಗಿದ್ದರೆ ಅದಕ್ಕೂ ವಿಂಡೋಸಿಗೂ ಸಂಬಂಧವಿಲ್ಲ.

ಹಾಗಾದರೆ ಮನೆಯಲ್ಲಿ ಏನು ನೋಡಬಹುದು? ಮೊದಲು ಮಾನಿಟರಿನಿಂದಲೇ ಶುರುಮಾಡುವುದು ಒಳ್ಳೆಯದು. ಮಾನಿಟರಿನ ಇನ್‌ಪುಟ್ ಎಚ್‌ಡಿಎಂಐಯಲ್ಲಿದೆಯೋ ಡಿಸ್‌ಪ್ಲೇ ಪೋರ್ಟಿನಲ್ಲಿದೆಯೋ ನೋಡಬೇಕು, ಸಾಧ್ಯವಾದರೆ ಮನೆಯ ಟಿವಿಗೆ ಸಿಕ್ಕಿಸಿ ನೋಡಬೇಕು. ನಮ್ಮ ಕಡೆ ಇನ್ನೊಂದು ತೊಂದರೆ ಸಾಮಾನ್ಯ: ಹಣ ಉಳಿಸಲೆಂದು ಹಳೆಯ ವಿಜಿಎ ಮಾನಿಟರನ್ನು ಉಳಿಸಿಕೊಂಡು, ಹೊಸ ಗ್ರಾಫಿಕ್ಸ್ ಕಾರ್ಡಿನಲ್ಲಿ ವಿಜಿಎ ಇಲ್ಲದ ಕಾರಣ ಕನ್ವರ್ಟರ್ ತರುತ್ತಾರೆ. ಎಚ್‌ಡಿಎಂಐಯಿಂದ ವಿಜಿಎಗೆ ಮಾಡುವ ಕನ್ವರ್ಟರ್ ಬೇರೆ, ವಿಜಿಎಯಿಂದ ಎಚ್‌ಡಿಎಂಐಗೆ ಮಾಡುವುದು ಬೇರೆ; ನೋಡಲು ಎರಡೂ ಹೆಚ್ಚುಕಡಿಮೆ ಒಂದೇ ಥರ, ಆದರೆ ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಒಳಗೆ ಸರ್ಕ್ಯೂಟೇ ಇಲ್ಲದ ಬರಿಯ ಕೇಬಲ್ಲುಗಳೂ ಮಾರಾಟಕ್ಕಿವೆ, ಅವುಗಳಿಂದ ಈ ಕೆಲಸವೇ ಆಗುವುದಿಲ್ಲ.

ಇದಾದ ಮೇಲೆ ಬರುವುದು ರ‍್ಯಾಮ್, ಮತ್ತು ಇಲ್ಲಿ ನಿಧಾನವಾಗಿ ನಿಲ್ಲಬೇಕು. ನನ್ನ ಬಳಿಗೆ ಬರುವ ಯಂತ್ರಗಳಲ್ಲಿ ಅತಿ ಹೆಚ್ಚು ಸಲ ತಪ್ಪು ಸಿಗುವುದು ಇಲ್ಲಿಯೇ. ಈಗಿನ ಅನೇಕ ಬೋರ್ಡ್‌ಗಳಲ್ಲಿ ರ‍್ಯಾಮ್ ಸ್ಲಾಟಿನ ಒಂದು ತುದಿಗೆ ಮಾತ್ರ ತೆರೆಯುವ ಕ್ಲಿಪ್ ಇರುತ್ತದೆ, ಇನ್ನೊಂದು ತುದಿ ಅಲುಗದ ಪ್ಲಾಸ್ಟಿಕ್. ಕ್ಲಿಪ್ ಇರುವ ಕಡೆ ಒತ್ತಿದಾಗ ‘ಟಕ್’ ಎಂದು ಸದ್ದಾಗುತ್ತದೆ, ಹುಡುಗರು ಅಲ್ಲಿಗೇ ಕೈ ತೆಗೆಯುತ್ತಾರೆ. ಇನ್ನೊಂದು ತುದಿ ಕೂದಲೆಳೆಯಷ್ಟು ಮೇಲೆ ಉಳಿದಿರುತ್ತದೆ. ಬೋರ್ಡಿಗೆ ಕಣ್ಣು ಸಮನಾಗಿಟ್ಟು ಪಕ್ಕದಿಂದ ನೋಡಿದರೆ ಚಿನ್ನದ ಬಣ್ಣದ ಪಟ್ಟಿಗಳ ಅಂಚು ಒಂದು ಕಡೆ ಇನ್ನೂ ಕಾಣುತ್ತಿರುವುದು ಗೊತ್ತಾಗುತ್ತದೆ. ಎರಡೂ ಹೆಬ್ಬೆರಳುಗಳಿಂದ ಎರಡೂ ತುದಿಗೆ ಸಮನಾಗಿ ಬಲ ಹಾಕಿ ಒತ್ತಬೇಕು, ಆ ಬಲ ಹೊಸಬರಿಗೆ ಭಯವಾಗುವಷ್ಟೇ ಇರುತ್ತದೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ರ‍್ಯಾಮ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಹಾಕಬೇಕು. ಎ2, ಬಿ2 ಎಂದು ಬೋರ್ಡಿನ ಮೇಲೆ ಅಚ್ಚಾಗಿರುತ್ತದೆ. ಡಿಸ್‌ಪ್ಲೇ ಬಾರದಿದ್ದಾಗ ಒಂದೇ ರ‍್ಯಾಮ್ ಉಳಿಸಿ, ಅದನ್ನು ಎ2ನಲ್ಲಿ ಹಾಕಿ ನೋಡಬೇಕು, ಆಮೇಲೆ ಇನ್ನೊಂದನ್ನು. ಕಾರವಾರ, ಉಡುಪಿ, ಮಂಗಳೂರಿನಂಥ ತೇವದ ಹವೆಯಲ್ಲಿ ಬಹಳ ದಿನ ಬಳಸಿದ ಅಥವಾ ಸೆಕೆಂಡ್ ಹ್ಯಾಂಡ್ ರ‍್ಯಾಮ್ ಆದರೆ ಪಟ್ಟಿಗಳ ಮೇಲಿನ ಮಂಕನ್ನು ಶಾಲೆಯ ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒರೆಸಿ ಹಾಕಿದರೆ ಎಷ್ಟೋ ಸಲ ಕೆಲಸ ಆಗುತ್ತದೆ.

ಡಿಡಿಆರ್5 ರ‍್ಯಾಮ್ ಬಳಸುವ ಹೊಸ ಯಂತ್ರಗಳ ವಿಷಯದಲ್ಲಿ ತಾಳ್ಮೆಯೂ ಪರೀಕ್ಷೆಯ ಒಂದು ಭಾಗ. 2022ರಲ್ಲಿ ಬಂದ ಎಎಂಡಿಯ ಎಎಂ5 ಬೋರ್ಡ್‌ಗಳು ಮೊದಲ ಸಲ ಚಾಲೂ ಆದಾಗ ಮೆಮೊರಿಯ ವೇಗ ಮತ್ತು ಸಮಯವನ್ನು ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತವೆ. ಅಷ್ಟು ಹೊತ್ತೂ ಪರದೆ ಕಪ್ಪಾಗಿಯೇ ಇರುತ್ತದೆ. ಅರ್ಧ ನಿಮಿಷಕ್ಕೇ ಸ್ವಿಚ್ ಆರಿಸಿದರೆ ಆ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಹೀಗೆ ಆರಿಸುತ್ತ ಹಾಕುತ್ತ ಯಂತ್ರ ಸತ್ತಿದೆಯೆಂದು ತೀರ್ಮಾನಿಸುವವರಿದ್ದಾರೆ. ಕಾಲು ಗಂಟೆ ಕಾದರೆ ಏನೂ ನಷ್ಟವಿಲ್ಲ.

ಬೋರ್ಡ್ ತಾನೇ ಹೇಳುವುದನ್ನು ಓದಲು ಕಲಿಯಬೇಕು. ಈಚಿನ ಎಷ್ಟೋ ಬೋರ್ಡ್‌ಗಳ ಅಂಚಿನಲ್ಲಿ ಸಿಪಿಯು (ಪ್ರೊಸೆಸರ್), ಡಿರ‍್ಯಾಮ್ (ರ‍್ಯಾಮ್), ವಿಜಿಎ (ಗ್ರಾಫಿಕ್ಸ್), ಬೂಟ್ (ಡಿಸ್ಕ್) ಎಂದು ಬರೆದ ನಾಲ್ಕು ಸಣ್ಣ ದೀಪಗಳಿರುತ್ತವೆ. ಪರೀಕ್ಷೆ ಯಾವ ಹಂತದಲ್ಲಿ ನಿಂತಿತೋ ಆ ದೀಪ ಉರಿಯುತ್ತಲೇ ಇರುತ್ತದೆ. ಡಿರ‍್ಯಾಮ್ ದೀಪ ಉರಿಯುತ್ತಿರುವ ಯಂತ್ರಕ್ಕೆ ಗ್ರಾಫಿಕ್ಸ್ ಕಾರ್ಡ್ ಬದಲಿಸಲು ಹೊರಡುವುದು ಹಲ್ಲುನೋವಿಗೆ ಕನ್ನಡಕ ಕೊಟ್ಟಂತೆ. ಅಗ್ಗದ ಬೋರ್ಡ್‌ಗಳಲ್ಲಿ ಈ ದೀಪಗಳು ಇಲ್ಲದಿರಬಹುದು. ಅಂಥವಕ್ಕೆ ಸ್ಪೀಕರ್ ಎಂದು ಬರೆದ ಪಿನ್ನುಗಳಿದ್ದರೆ ಅಲ್ಲಿ ಸಿಕ್ಕಿಸುವ ಪುಟ್ಟ ಬಜರ್ ತೀರಾ ಕಡಿಮೆ ಬೆಲೆಗೆ ಸಿಗುತ್ತದೆ. ಎಲ್ಲ ರ‍್ಯಾಮ್ ತೆಗೆದು ಚಾಲೂ ಮಾಡಿದಾಗ ಬಜರ್ ಕೂಗಿತೆಂದರೆ ಪ್ರೊಸೆಸರ್ ಮತ್ತು ಬೋರ್ಡ್ ಬದುಕಿವೆ, ರ‍್ಯಾಮ್ ಇಲ್ಲವೆಂದು ದೂರುತ್ತಿವೆ ಎಂದು ತಿಳಿಯಬಹುದು. ‘ಬೋರ್ಡ್ ಸತ್ತಿದೆ’ ಎಂಬ ಮಾತಿಗೆ ಇಷ್ಟು ಅಗ್ಗದ, ಇಷ್ಟು ನೇರವಾದ ಉತ್ತರ ಬೇರೊಂದಿಲ್ಲ.

ಬಯಾಸಿನಲ್ಲಿ ಮೆಮೊರಿ ವೇಗ ಹೆಚ್ಚಿಸಿದ ಮೇಲೆ ಡಿಸ್‌ಪ್ಲೇ ಹೋಗಿದ್ದರೆ ಸಿಮೋಸ್ (ಬಯಾಸಿನ ಹೊಂದಾಣಿಕೆಗಳು ಉಳಿಯುವ ಜಾಗ) ತೆರವುಗೊಳಿಸುವುದೇ ಪರಿಹಾರ. ಮುಖ್ಯ ಪವರ್ ವೈರನ್ನು ಕಿತ್ತು, ಬೋರ್ಡಿನ ಮೇಲಿರುವ ಸಿಆರ್2032 ಎಂಬ ನಾಣ್ಯದಂಥ 3 ವೋಲ್ಟ್ ಸೆಲ್ ತೆಗೆದು, ಕೆಲವು ನಿಮಿಷ ಬಿಟ್ಟು ಹಾಕಿದರೆ ಬಯಾಸ್ ಕಾರ್ಖಾನೆಯ ಹೊಂದಾಣಿಕೆಗೆ ಮರಳುತ್ತದೆ.

ಇಷ್ಟಾದರೂ ಆಗಲಿಲ್ಲವೆಂದರೆ ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆಯಬೇಕು. ಇದಕ್ಕೆ ಹೆಚ್ಚಿನವರು ಹಿಂಜರಿಯುತ್ತಾರೆ, ಅಂಗಡಿಯವರಂತೂ ಸಮಯವಿಲ್ಲವೆಂದು ಬಿಟ್ಟುಬಿಡುತ್ತಾರೆ, ಆದರೆ ಎಷ್ಟೋ ಸಲ ಉತ್ತರ ಇಲ್ಲಿಯೇ ಇರುತ್ತದೆ. ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯಲು ಹಿತ್ತಾಳೆಯ ಸಣ್ಣ ಸ್ಟ್ಯಾಂಡ್‌ಆಫ್‌ಗಳಿರುತ್ತವೆ. ದೊಡ್ಡ ಬೋರ್ಡಿಗೆಂದು ಹಾಕಿದ ಸ್ಟ್ಯಾಂಡ್‌ಆಫ್ ಒಂದು ಚಿಕ್ಕ ಬೋರ್ಡಿನ ಅಡಿಯಲ್ಲಿ, ರಂಧ್ರವಿಲ್ಲದ ಜಾಗದಲ್ಲಿ ಉಳಿದುಬಿಟ್ಟರೆ ಅದು ಹಿಂಬದಿಯ ಬೆಸುಗೆಗಳಿಗೆ ತಾಗಿ ಶಾರ್ಟ್ ಮಾಡುತ್ತದೆ. ಬೋರ್ಡನ್ನು ಅದರದೇ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಪ್ರೊಸೆಸರ್, ಅದರ ಕೂಲರ್, ಒಂದು ರ‍್ಯಾಮ್, ಎಸ್‌ಎಂಪಿಎಸ್, ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಮಾತ್ರ ಕಾರ್ಡ್, ಇಷ್ಟನ್ನೇ ಉಳಿಸಿ, ಪವರ್ ಸ್ವಿಚ್ಚಿನ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಯಂತ್ರ ಚಾಲೂ ಆಗುತ್ತದೆ. ಆ ಪಿನ್ನುಗಳಲ್ಲಿರುವುದು ಕೆಲವೇ ವೋಲ್ಟ್, ಮುಟ್ಟಿದವರಿಗೆ ಅಪಾಯವಿಲ್ಲ. ಹೊರಗೆ ಡಿಸ್‌ಪ್ಲೇ ಬಂದು ಒಳಗೆ ಬಾರದಿದ್ದರೆ ತಪ್ಪು ಕ್ಯಾಬಿನೆಟ್ಟಿನದು, ಅಥವಾ ಆಗ ಬಿಚ್ಚಿಟ್ಟ ಭಾಗಗಳದು. ಒಂದೊಂದನ್ನೇ ಮರಳಿ ಸೇರಿಸುತ್ತ ಹೋದರೆ ಯಾವುದೆಂದು ತಿಳಿದೇ ತಿಳಿಯುತ್ತದೆ.

ಆದರೆ ಎಸ್‌ಎಂಪಿಎಸ್ಸಿನ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಕೂಡದು. ವೈರು ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ 300 ವೋಲ್ಟ್ ಮೀರಿದ ವಿದ್ಯುತ್ತು ಉಳಿದಿರಬಹುದು. ಕ್ಯಾಬಿನೆಟ್ ಮುಟ್ಟಿದರೆ ಝುಮ್ಮೆನ್ನುತ್ತಿದ್ದರೆ ಮನೆಯ ಅರ್ಥಿಂಗ್ ಸರಿಯಿಲ್ಲವೆಂದು ಅರ್ಥ, ಎಲೆಕ್ಟ್ರಿಷಿಯನ್ನನ್ನು ಕರೆಸಿ ಅದನ್ನು ಮೊದಲು ಸರಿಪಡಿಸಿಕೊಳ್ಳಬೇಕು.

ಮನೆಯಲ್ಲಿ ಎಷ್ಟೇ ಜಾಗ್ರತೆ ವಹಿಸಿದರೂ ಬಗೆಹರಿಯದ ಒಂದು ಕಾರಣವಿದೆ, ಅದರ ಹೊಣೆ ಪೂರ್ತಿಯಾಗಿ ಮಾರುವವರದು. ಸಾಕೆಟ್ ಒಂದೇ ಆದರೂ ಬೋರ್ಡಿನಲ್ಲಿರುವ ಬಯಾಸ್ ಹಳೆಯದಾಗಿದ್ದರೆ ಆಮೇಲೆ ಬಂದ ಪ್ರೊಸೆಸರನ್ನು ಅದು ಗುರುತಿಸುವುದೇ ಇಲ್ಲ. ಎಎಂಡಿ ಪ್ರೊಸೆಸರುಗಳಿಗಾಗಿ ಇರುವ ಬಿ450 ಬೋರ್ಡ್‌ಗಳು ಬಂದದ್ದು 2018ರಲ್ಲಿ, ರೈಜೆನ್ 5000 ಸರಣಿ ಬಂದದ್ದು 2020ರ ನವೆಂಬರಿನಲ್ಲಿ. ಗೋದಾಮಿನಲ್ಲಿ ಕೂತಿದ್ದ ಹಳೆಯ ಬಿ450 ಬೋರ್ಡಿಗೆ ರೈಜೆನ್ 5 5600 ಕೂರಿಸಿದರೆ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ. ಇಂಟೆಲ್‌ನ 12ನೇ ಪೀಳಿಗೆಯ ಕಾಲದ ಎಚ್610, ಬಿ660 ಬೋರ್ಡ್‌ಗಳಲ್ಲಿ 13 ಮತ್ತು 14ನೇ ಪೀಳಿಗೆಯ ಪ್ರೊಸೆಸರ್ ಹಾಕಿದಾಗಲೂ ಇದೇ ಕಥೆ. ಎರಡೂ ಭಾಗ ಹೊಸವು, ಎರಡೂ ಸರಿಯಿವೆ, ಆದರೂ ಜೋಡಿ ನಡೆಯುವುದಿಲ್ಲ. ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್ ಆದರೆ ತಯಾರಕರ ಜಾಲತಾಣದಿಂದ ಫೈಲ್ ಇಳಿಸಿಕೊಂಡು, ಎಫ್ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿನಲ್ಲಿ ಅವರು ಹೇಳಿದ ಹೆಸರಿನಿಂದಲೇ ಹಾಕಿ, ಪ್ರೊಸೆಸರಿನ ನೆರವಿಲ್ಲದೆಯೂ ಬಯಾಸ್ ನವೀಕರಿಸಬಹುದು. ಆ ಬಟನ್ ಇಲ್ಲದ ಅಗ್ಗದ ಬೋರ್ಡಿಗೆ ಹಳೆಯ ಪ್ರೊಸೆಸರ್ ಒಂದನ್ನು ತಾತ್ಕಾಲಿಕವಾಗಿ ಕೂರಿಸಲೇಬೇಕು. ಅದು ಅಂಗಡಿಯಲ್ಲಿರುತ್ತದೆ, ವಿದ್ಯಾರ್ಥಿಯ ಮನೆಯಲ್ಲಿರುವುದಿಲ್ಲ.

ಪ್ರಾಮಾಣಿಕವಾಗಿ ಕೆಲಸ ಮಾಡುವ ಅಂಗಡಿಗಳು ನಮ್ಮ ಊರುಗಳಲ್ಲಿ ಇಲ್ಲವೆಂದಲ್ಲ. ನಮ್ಮಲ್ಲೇ ಕಲಿತ ಕೆಲವರು ಅಂಗಡಿ ಇಟ್ಟಿದ್ದಾರೆ, ಗಿರಾಕಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ರ‍್ಯಾಮ್ ಬದಲಿಸಿ ತೋರಿಸುತ್ತಾರೆ, ಸರಿಯಿದ್ದ ಭಾಗವನ್ನು ಸರಿಯಿದೆಯೆಂದೇ ಹೇಳಿ ಕಳಿಸುತ್ತಾರೆ. ಅವರಿಗೆ ಸಲ್ಲಬೇಕಾದ ಪರಿಶ್ರಮದ ಶುಲ್ಕವನ್ನು ಜನ ಚೌಕಾಸಿ ಮಾಡದೆ ಕೊಡಬೇಕು ಎಂದೂ ನಾನು ಹೇಳುತ್ತೇನೆ. ಪರೀಕ್ಷೆಗೆ ಹಣ ಕೊಡಲು ಹಿಂಜರಿಯುವ ಗಿರಾಕಿಗಳೇ ಭಾಗ ಮಾರಿ ಲಾಭ ಹೊಂದಿಸುವ ದಾರಿಗೆ ಅಂಗಡಿಯವರನ್ನು ತಳ್ಳುತ್ತಿದ್ದಾರೆ ಎಂಬುದರಲ್ಲೂ ಸತ್ಯವಿದೆ. ಆದರೆ ಶುಲ್ಕ ತೆಗೆದುಕೊಂಡ ಮೇಲೆ ಯಾವ ಪರೀಕ್ಷೆ ಮಾಡಿದೆವು, ಯಾವ ದೀಪ ಉರಿಯುತ್ತಿತ್ತು, ಯಾವ ಭಾಗ ಬದಲಿಸಿದಾಗ ಏನಾಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಡದೆ ‘ಬೋರ್ಡ್ ಹೋಗಿದೆ’ ಎಂದಷ್ಟೇ ಹೇಳುವುದು ಒಪ್ಪತಕ್ಕದ್ದಲ್ಲ. ಸತ್ತಿದೆ ಎಂದ ಬೋರ್ಡನ್ನು ಅಂಗಡಿಯಲ್ಲೇ ಬಿಟ್ಟುಬರಲೂ ಬಾರದು. ವಾರಂಟಿ ಇರುವ ಭಾಗವನ್ನು ತಯಾರಕರ ಸೇವಾಕೇಂದ್ರಕ್ಕೇ ಕಳಿಸಬೇಕು.

ವಾರಂಟಿಯ ಮಾತು ಬಂದದ್ದರಿಂದ ಸಾಕೆಟ್ಟಿನ ಬಗ್ಗೆ ಒಂದು ಸೂಚನೆ. ಇಂಟೆಲ್‌ನ ಎಲ್‌ಜಿಎ1700 ಮತ್ತು ಎಎಂಡಿಯ ಎಎಂ5 ಬೋರ್ಡ್‌ಗಳಲ್ಲಿ ಪಿನ್ನುಗಳು ಇರುವುದು ಪ್ರೊಸೆಸರಿನಲ್ಲಲ್ಲ, ಸಾಕೆಟ್ಟಿನಲ್ಲಿ. ಅವು ಕೂದಲಿನಷ್ಟು ಸಣ್ಣವು, ಒಂದು ಬಾಗಿದರೂ ಡಿಸ್‌ಪ್ಲೇ ಹೋಗಬಹುದು, ಬಾಗಿದ ಪಿನ್ನಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಬೋರ್ಡ್ ಕೊಂಡಾಗ ಅಂಗಡಿಯಲ್ಲೇ ಸಾಕೆಟ್ ತೆರೆಸಿ, ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು. ರಿಪೇರಿಗೆ ಕೊಡುವಾಗಲೂ, ಮರಳಿ ಪಡೆಯುವಾಗಲೂ ಹೀಗೆಯೇ ಮಾಡಬೇಕು. ಸಾಕೆಟ್ ಮೇಲಿದ್ದ ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯಬಾರದು, ವಾರಂಟಿಗೆ ಕಳಿಸುವಾಗ ಅದು ಬೇಕಾಗುತ್ತದೆ.

ರಾಜ್ಯದ ಕಂಪ್ಯೂಟರ್ ವ್ಯಾಪಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರನ್ನೂ ಒಟ್ಟಿಗೆ ಕೊಳ್ಳುವ ಗಿರಾಕಿಗೆ ಅವನ್ನು ಕೌಂಟರಿನ ಮೇಲೆಯೇ ಜೋಡಿಸಿ ಬಯಾಸ್ ಪರದೆ ತೋರಿಸಿ ಕೊಡಿ; ಬೋರ್ಡಿನಲ್ಲಿದ್ದ ಬಯಾಸ್ ಆವೃತ್ತಿಯನ್ನೂ, ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇದೆಯೋ ಇಲ್ಲವೋ ಎಂಬುದನ್ನೂ, ಪ್ರತಿ ಭಾಗದ ಸೀರಿಯಲ್ ನಂಬರನ್ನೂ ಬಿಲ್ಲಿನಲ್ಲಿ ಬರೆಯಿರಿ. ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಪರಿಗಣಿಸುತ್ತದೆ, ಮತ್ತು ಸಮಾಧಾನ ಸಿಗದ ಗಿರಾಕಿ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಹಾರ್ಡ್‌ವೇರ್ ವಿಭಾಗವಿರುವ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳು ಕಾಲೇಜು ಪ್ರವೇಶದ ತಿಂಗಳುಗಳಲ್ಲಿ ಶನಿವಾರದ ಮಧ್ಯಾಹ್ನ ತಮ್ಮ ಪ್ರಯೋಗಾಲಯವನ್ನು ಇಂಥ ಯಂತ್ರಗಳ ಪರೀಕ್ಷೆಗೆ ತೆರೆದಿಟ್ಟರೆ ನಮ್ಮ ವಿದ್ಯಾರ್ಥಿಗಳಿಗೂ ನಿಜವಾದ ದೋಷಗಳ ಮೇಲೆ ಕೈ ಪಳಗುತ್ತದೆ. ಇದಕ್ಕೆ ಬೇಕಾದದ್ದು ಕೆಲಸ ಮಾಡುವುದೆಂದು ಖಾತ್ರಿಯಿರುವ ಒಂದು ಎಸ್‌ಎಂಪಿಎಸ್, ಡಿಡಿಆರ್4 ಮತ್ತು ಡಿಡಿಆರ್5 ರ‍್ಯಾಮ್ ಒಂದೊಂದು, ಒಂದು ಹಳೆಯ ಗ್ರಾಫಿಕ್ಸ್ ಕಾರ್ಡ್ ಮತ್ತು ಒಂದು ಮಲ್ಟಿಮೀಟರ್ ಮಾತ್ರ. ಸಂಬಂಧಪಟ್ಟ ಇಲಾಖೆಗಳು ಇದಕ್ಕೆ ಅನುಮತಿ ನೀಡಿ ಸುತ್ತೋಲೆ ಹೊರಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಐಟಿಐ ಹಾರ್ಡ್‌ವೇರ್ ಬೋಧಕ,
ಹಾಸನ